ನೆರಳಿಲ್ಲದ ಬಡಾವಣೆಯಲ್ಲಿ ಮರ ಮತ್ತು ಸಮುದಾಯ ತೋಟ: ನೆಡುವ ಮುನ್ನ, ನೆಟ್ಟ ಮೇಲೆ

ಅಮೆರಿಕದಲ್ಲಿ 1930ರ ದಶಕದಲ್ಲಿ ಕೆಲವು ಬಡಾವಣೆಗಳಿಗೆ ನಕ್ಷೆಯ ಮೇಲೆ ಕೆಂಪು ಬಣ್ಣ ಬಳಿದು, ಇಲ್ಲಿ ಗೃಹಸಾಲ ಕೊಡುವುದು ಅಪಾಯ ಎಂದು ಗುರುತು ಮಾಡಿದ್ದರು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 108 ನಗರ ಪ್ರದೇಶಗಳ ನೆಲದ ಉಷ್ಣಾಂಶವನ್ನು ಹೋಲಿಸಿ ನೋಡಿತು. ಆ ಬಡಾವಣೆಗಳು ಇಂದಿಗೂ ಉಳಿದ ಭಾಗಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಇದ್ದವು. ಮರ ಕಡಿಮೆ, ಡಾಂಬರು ಮತ್ತು ಕಾಂಕ್ರೀಟು ಹೆಚ್ಚು ಎಂಬುದು ಅದಕ್ಕೆ ದೊಡ್ಡ ಕಾರಣ.

ಇಂಥ ಜಾಗದಲ್ಲಿ ಮರ ಬೆಳೆಸುವುದು ಎಷ್ಟು ಅಗತ್ಯವೋ ಅಷ್ಟೇ ಕಷ್ಟ. ಮಣ್ಣು ಗಟ್ಟಿ, ನಲ್ಲಿ ದೂರ, ಜಾಗದ ಕಾಗದ ಇನ್ಯಾರದೋ ಕೈಯಲ್ಲಿ. ಸಸಿ ಹೇಗೋ ಸಿಗುತ್ತದೆ, ನೆಡುವ ದಿನ ಜನವೂ ಸೇರುತ್ತಾರೆ. ಸಸಿಗಳು ಸಾಯುವುದು ಆಮೇಲೆ, ಮೊದಲ ಮೂರು ಬೇಸಿಗೆಯಲ್ಲಿ. ಹಾಗಾಗಿ "ಎಷ್ಟು ಸಸಿ ನೆಡೋಣ" ಎಂದು ಕೇಳುವ ಮೊದಲು "ಮೂರು ಬೇಸಿಗೆ ಎಷ್ಟು ಸಸಿಗೆ ನೀರು ಹಾಕಬಲ್ಲೆವು" ಎಂದು ಕೇಳಿಕೊಳ್ಳಬೇಕು. ಎರಡನೆಯ ಪ್ರಶ್ನೆಗೆ ಬರುವ ಸಂಖ್ಯೆಯನ್ನೇ ನೆಡಿ. ಅದು ಹದಿನೈದೇ ಆಗಿದ್ದರೂ ಸರಿ.

ಮೊದಲು ಮನೆ ಮನೆಗೆ ಹೋಗಿ

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 2011ರಿಂದ 2014ರವರೆಗೆ ಸುಮಾರು 7,500 ಮನೆಯವರಿಗೆ, ನಿಮ್ಮ ಮನೆ ಮುಂದೆ ಉಚಿತವಾಗಿ ಮರ ನೆಡುತ್ತೇವೆ ಎಂದು ಹೇಳಲಾಯಿತು. ಅವರಲ್ಲಿ ಸುಮಾರು 1,800 ಮಂದಿ ಬೇಡ ಎಂದರು. ಮುಂದೆ ಸಂಶೋಧಕರು ಅವರನ್ನು ಮಾತಾಡಿಸಿದಾಗ ತಿಳಿದದ್ದು ಇಷ್ಟು: ಅವರಿಗೆ ಮರದ ಮೇಲೆ ಸಿಟ್ಟಿರಲಿಲ್ಲ. ಯಾವ ಮರ, ಎಲ್ಲಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಹಿಂದೆ ನೆಟ್ಟ ಮರಗಳು ಒಣಗಿ ನಿಂತಾಗ ಯಾರೂ ಬಂದು ನೋಡಿರಲಿಲ್ಲ. ಈ ಸಲದ ಆರೈಕೆಯೂ ತಮ್ಮ ತಲೆಗೇ ಬರುತ್ತದೆ ಎಂಬ ಅವರ ಅಂದಾಜು ಅನುಭವದಿಂದ ಬಂದದ್ದು.

ಆದ್ದರಿಂದ ನೆಡುವ ಹಂಗಾಮಿಗೆ ಮೂರು ನಾಲ್ಕು ತಿಂಗಳು ಮುಂಚೆಯೇ ಬೀದಿಯ ಪ್ರತಿ ಬಾಗಿಲಿಗೆ ಹೋಗಿ. ಕರಪತ್ರ ಹಂಚಿ ಬಂದರೆ ಸಾಲದು, ನಿಂತು ಮಾತಾಡಬೇಕು. ಮನೆ ಮುಂದೆ ಮರ ಬೇಕೇ? ನೆರಳಿನದೋ, ಹಣ್ಣಿನದೋ, ಹೂವಿನದೋ? ಏನು ಆತಂಕ ಇದೆ: ಬೇರು ಗೋಡೆ ಸೀಳುವುದೇ, ಎಲೆ ಚರಂಡಿ ಕಟ್ಟುವುದೇ, ಬೀದಿ ದೀಪ ಮರೆಯಾಗುವುದೇ? ವಾರಕ್ಕೊಮ್ಮೆ ನೀರು ಹಾಕಲು ಸಾಧ್ಯವೇ, ಇಲ್ಲವೇ? ಉತ್ತರಗಳನ್ನು ಮನೆವಾರು ಬರೆದು ಬೀದಿಯ ನಕ್ಷೆಯ ಮೇಲೆ ಗುರುತಿಸಿ.

ಬೇಡ ಎಂದ ಮನೆಯ ಮುಂದೆ ನೆಡಬೇಡಿ. ಪಕ್ಕದ ಮರ ಚೆನ್ನಾಗಿ ಬೆಳೆದ ಮೇಲೆ ಮತ್ತೆ ಕೇಳಿ. ದೀಪ ಮತ್ತು ಸುರಕ್ಷತೆಯ ಆತಂಕ ನಿಜವಾದದ್ದು, ವಿಶೇಷವಾಗಿ ರಾತ್ರಿ ಕೆಲಸ ಮುಗಿಸಿ ನಡೆದು ಬರುವ ಹೆಣ್ಣುಮಕ್ಕಳಿಗೆ. ಕಂಬದಿಂದ ಕನಿಷ್ಠ 4–5 ಮೀಟರ್ ದೂರ ಬಿಡುತ್ತೇವೆ, ಮರ ಎತ್ತರವಾದಂತೆ ಕೆಳಕೊಂಬೆಗಳನ್ನು ನಿಧಾನವಾಗಿ ಸವರಿ 2.5 ಮೀಟರ್‌ವರೆಗೆ ಕಾಂಡ ಬೋಳಾಗಿ ಇಡುತ್ತೇವೆ ಎಂದು ಹೇಳಿ, ಹಾಗೆಯೇ ಮಾಡಿ.

ಜಾಗದ ಕಾಗದ

ಖಾಲಿ ಜಾಗ ಯಾರದು ಎಂದು ಭೂದಾಖಲೆಯಲ್ಲಿ ನೋಡದೆ ಒಂದು ಗುದ್ದಲಿಯನ್ನೂ ಹಾಕಬೇಡಿ. ನ್ಯೂಯಾರ್ಕ್‌ನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಕಸ ತುಂಬಿದ ನಿವೇಶನವೊಂದನ್ನು ಶುಚಿ ಮಾಡಿ ತೋಟವಾಗಿಸಿದರು. ಅವರನ್ನು ನೋಡಿ ನೂರಾರು ತೋಟಗಳು ಹುಟ್ಟಿಕೊಂಡವು. ಆದರೆ 1999ರಲ್ಲಿ ನಗರಾಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಿತು. ಎರಡು ಸಂಸ್ಥೆಗಳು ಮುಂದೆ ಬಂದು ಆ ಜಾಗಗಳನ್ನು ಕೊಂಡದ್ದರಿಂದ ಅವು ಉಳಿದವು. ಎಲ್ಲ ಊರಿನಲ್ಲೂ ಅಂಥ ಕೊಳ್ಳುವವರು ಸಿಗುವುದಿಲ್ಲ.

ತರಕಾರಿ ತೋಟಕ್ಕೆ ಕನಿಷ್ಠ 5 ವರ್ಷದ ಲಿಖಿತ ಒಪ್ಪಂದ ಇರಲಿ. ಒಂದೇ ವರ್ಷಕ್ಕೆ ಸಿಕ್ಕಿದರೆ ಮರ ನೆಡಬೇಡಿ, ಎತ್ತಿಕೊಂಡು ಹೋಗಬಹುದಾದ ಚೀಲ ಮತ್ತು ಪೆಟ್ಟಿಗೆಗಳಲ್ಲಿ ಬೆಳೆಯಿರಿ. ಒಪ್ಪಂದದಲ್ಲಿ ನೀರಿನ ಸಂಪರ್ಕ ಯಾರ ಹೆಸರಲ್ಲಿ, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು, ಖಾಲಿ ಮಾಡಿಸಬೇಕಾದರೆ ಎಷ್ಟು ದಿನದ ನೋಟಿಸು (ಕನಿಷ್ಠ ಒಂದು ಬೆಳೆ ಕಟಾವಾಗುವಷ್ಟು), ಬೇಲಿ ಮತ್ತು ಸಲಕರಣೆ ಯಾರಿಗೆ ಸೇರುತ್ತವೆ ಎಂಬ ನಾಲ್ಕು ಮಾತು ಇರಲೇಬೇಕು.

ಇನ್ನೊಂದು ಕಹಿ ಸಂಗತಿ ಇದೆ. ಬಡಾವಣೆ ಹಸಿರಾದಂತೆ ಬಾಡಿಗೆ ಏರಿ, ಗಿಡ ನೆಟ್ಟವರೇ ಮನೆ ಬಿಡಬೇಕಾದ ಉದಾಹರಣೆಗಳು ಹಲವು ನಗರಗಳಲ್ಲಿವೆ. ಒಂದು ದೊಡ್ಡ ಅಲಂಕಾರದ ಉದ್ಯಾನಕ್ಕಿಂತ ಬೀದಿ ಬೀದಿಗೆ ಹಂಚಿದ ಸಣ್ಣ ತೋಟ ಮತ್ತು ಸಾಲುಮರಗಳು ಈ ದೃಷ್ಟಿಯಿಂದ ಮೇಲು. ಬಾಡಿಗೆದಾರರ ಸಂಘ ಇದ್ದರೆ ಅವರನ್ನು ಮೊದಲ ಸಭೆಗೇ ಕರೆಯಿರಿ.

ಮಣ್ಣು ಪರೀಕ್ಷೆ: ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ

ಹಳೆಯ ಕಟ್ಟಡ ಕೆಡವಿದ ಜಾಗ, ಗ್ಯಾರೇಜು, ಬ್ಯಾಟರಿ ಅಂಗಡಿ, ದಟ್ಟ ಸಂಚಾರದ ರಸ್ತೆಯ ಪಕ್ಕದ ಮಣ್ಣಿನಲ್ಲಿ ಸೀಸ (ಲೆಡ್ ಎಂಬ ವಿಷಲೋಹ) ಇರಬಹುದು. ವಾಹನಗಳಿಗೆ ಸೀಸದ ಪೆಟ್ರೋಲು ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಅಷ್ಟು ವರ್ಷ ಹೊಗೆಯಲ್ಲಿ ಬಂದ ಸೀಸ, ಹಳೆಯ ಬಣ್ಣದಿಂದ ಉದುರಿದ ಸೀಸ ಕೊಳೆಯುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಮಣ್ಣಾಡಿದ ಕೈಯನ್ನು ಬಾಯಿಗಿಡುವ ಪುಟ್ಟ ಮಕ್ಕಳಿಗೆ ಅದರಿಂದ ಹೆಚ್ಚು ಅಪಾಯ.

ಮಾದರಿ ತೆಗೆಯುವುದು ಹೀಗೆ: ತೋಟ ಮಾಡುವ ಜಾಗದ 10–15 ಕಡೆ, ಮೇಲಿನಿಂದ 15 ಸೆಂ.ಮೀ. ಆಳದವರೆಗೆ ಒಂದೊಂದು ಹಿಡಿ ಮಣ್ಣು ತೆಗೆದು, ಶುಚಿಯಾದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಅದರಿಂದ ಅರ್ಧ ಕೆ.ಜಿ. ಪ್ರಯೋಗಾಲಯಕ್ಕೆ ಕೊಡಿ. ಹಳೆಯ ಗೋಡೆಯ ಬುಡದ ಮಣ್ಣನ್ನು ಬೇರೆ ಮಾದರಿಯಾಗಿ ಕೊಡಿ, ಬೆರೆಸಬೇಡಿ. ಬೆರೆಸಿದರೆ ಅಪಾಯದ ಮೂಲೆಯೂ ತೆಳುವಾಗಿ ಕಂಡು ಮೋಸವಾಗುತ್ತದೆ. ಸಾಮಾನ್ಯ ಗೊಬ್ಬರ ಶಿಫಾರಸಿನ ಪರೀಕ್ಷೆಯಲ್ಲಿ ಸೀಸ ಬರುವುದಿಲ್ಲ. ಭಾರಲೋಹ ಪರೀಕ್ಷೆ ಎಂದು ಬರೆದು ಕೇಳಬೇಕು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಾಸದ ಜಾಗದ ಮಣ್ಣಿಗೆ ದೀರ್ಘಕಾಲ 400 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 400 ಪಾಲು) ಸೀಸವನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡಿತ್ತು. 2024ರಲ್ಲಿ ಅದನ್ನು 200ಕ್ಕೆ ಇಳಿಸಿತು. ನಿಮ್ಮ ದೇಶದ ಮಿತಿ ಬೇರೆ ಇರಬಹುದು. ನಮ್ಮ ಸಲಹೆ: 100 ದಾಟಿದರೆ ಸೊಪ್ಪು ಮತ್ತು ಗೆಡ್ಡೆಯನ್ನು ಆ ಮಣ್ಣಿನಲ್ಲಿ ಬೆಳೆಯಬೇಡಿ, 200 ದಾಟಿದರೆ ಏನನ್ನೂ ನೇರವಾಗಿ ಬಿತ್ತದೆ ಏರುಮಡಿ (ನೆಲದ ಮೇಲೆ ಚೌಕಟ್ಟು ಕಟ್ಟಿ ಬೇರೆ ಮಣ್ಣು ತುಂಬಿದ ಮಡಿ) ಕಟ್ಟಿ, ಓಡಾಡುವ ದಾರಿಗೆ ಮರದ ಚೂರು ಹರಡಿ ಧೂಳು ಏಳದಂತೆ ಮಾಡಿ. ಸಸ್ಯದ ಹಣ್ಣಿಗೆ ಸೀಸ ಏರುವುದು ತೀರಾ ಕಡಿಮೆ, ಎಲೆಗೆ ಅಂಟಿದ ಧೂಳು ಮತ್ತು ಗೆಡ್ಡೆಗೆ ಮೆತ್ತಿದ ಮಣ್ಣೇ ಹೆಚ್ಚು ಅಪಾಯಕಾರಿ. ಆದ್ದರಿಂದ ತೋಟದಲ್ಲಿ ಕೈ ತೊಳೆಯುವ ನಲ್ಲಿಯೊಂದು ಇರಲೇಬೇಕು.

ಏರುಮಡಿ

ಅಗಲ 1.2 ಮೀಟರ್ ಮೀರದಿರಲಿ, ಎರಡೂ ಬದಿಯಿಂದ ಕೈ ನಡುವಿನವರೆಗೆ ಎಟುಕಬೇಕು. ಉದ್ದ 2.4 ಮೀಟರ್, ಆಳ ಸೊಪ್ಪಿಗೆ 30 ಸೆಂ.ಮೀ., ಗೆಡ್ಡೆ ಮತ್ತು ಟೊಮೆಟೊಗೆ 45. ಗಾಲಿಕುರ್ಚಿಯಲ್ಲಿ ಬರುವವರಿಗೆ ಒಂದೆರಡು ಮಡಿಗಳನ್ನು 60–75 ಸೆಂ.ಮೀ. ಎತ್ತರಕ್ಕೆ ಕಟ್ಟಿ, ಸುತ್ತ ಒಂದು ಮೀಟರಿಗಿಂತ ಅಗಲವಾದ ಗಟ್ಟಿ ದಾರಿ ಬಿಡಿ. ತಳಕ್ಕೆ ನೀರು ಇಳಿಯುವ, ಬೇರು ದಾಟದ ನೇಯ್ದ ಬಟ್ಟೆ ಹಾಸಿ. ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಹಳೆಯ ರೈಲ್ವೆ ಸ್ಲೀಪರ್ ಮರ ಪುಕ್ಕಟೆ ಸಿಕ್ಕರೂ ಬೇಡ, ಅದಕ್ಕೆ ಹಚ್ಚಿರುವ ಕ್ರಿಯೋಸೋಟ್ ವಿಷ. ಸುಲಿದ ಬಣ್ಣದ ಹಳೆಯ ಬಾಗಿಲು, ಹಲಗೆಗಳೂ ಬೇಡ.

1.2 × 2.4 × 0.3 ಮೀಟರ್ ಮಡಿಗೆ ಲೆಕ್ಕದಲ್ಲಿ 0.86 ಘನ ಮೀಟರ್ ಮಣ್ಣು ಬೇಕು. ಮೊದಲ ಮಳೆಗೆ ಕುಸಿಯುವುದರಿಂದ ಒಂದು ಘನ ಮೀಟರ್ ತರಿಸಿ. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಪಕ್ವವಾದ ಕಾಂಪೋಸ್ಟ್ ಸಾಕು. ಬರೀ ಕಾಂಪೋಸ್ಟ್ ತುಂಬಿದರೆ ಮೊದಲ ಬೆಳೆ ಸೊಗಸಾಗಿ ಬಂದು, ಎರಡನೆಯ ವರ್ಷ ಮಡಿ ಅರ್ಧಕ್ಕಿಳಿದಿರುತ್ತದೆ. ಒಂದು ಘನ ಮೀಟರ್ ಹಸಿ ಮಣ್ಣು ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ಲಾರಿ ಎಲ್ಲಿ ಸುರಿಯಬೇಕು ಎಂದು ಮೊದಲೇ ಗುರುತು ಮಾಡಿ, ಇಲ್ಲದಿದ್ದರೆ ಎರಡು ವಾರ ತಳ್ಳುಗಾಡಿಯ ಕೆಲಸವೇ ಆಗುತ್ತದೆ. ತರಿಸಿದ ಮಣ್ಣನ್ನೂ ಪರೀಕ್ಷೆ ಮಾಡಿಸಿ.

ತೋಟದಲ್ಲೇ ಕಾಂಪೋಸ್ಟ್ ಮಾಡುವುದಾದರೆ ಒತ್ತೊತ್ತು ಮನೆಗಳ ನಡುವೆ ಇಲಿ ಬಂದರೆ ತೋಟದ ಹೆಸರೇ ಕೆಡುತ್ತದೆ. ಪೆಟ್ಟಿಗೆಯ ತಳ ಮತ್ತು ಬದಿಗೆ 12 ಮಿ.ಮೀ. ಕಣ್ಣಿನ ಕಬ್ಬಿಣದ ಜಾಲರಿ ಬಡಿಯಿರಿ. ಬೇಯಿಸಿದ ಆಹಾರ, ಮಾಂಸ, ಹಾಲಿನ ಪದಾರ್ಥ ಹಾಕಬೇಡಿ. ಒಂದು ಬಕೆಟ್ ಹಸಿ ಸಿಪ್ಪೆಗೆ ಎರಡು ಮೂರು ಬಕೆಟ್ ಒಣ ಎಲೆ. ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದರ್ಥ.

ನೀರಿನ ಲೆಕ್ಕ

ಒಂದು ಚದರ ಮೀಟರ್ ತರಕಾರಿ ಮಡಿಗೆ ವಾರಕ್ಕೆ ಸುಮಾರು 25 ಲೀಟರ್ ಬೇಕು, ಕಡು ಬೇಸಿಗೆಯಲ್ಲಿ ಅದರ ದುಪ್ಪಟ್ಟು. ಮೇಲಿನ ಅಳತೆಯ ಹತ್ತು ಮಡಿಗೆ ವಾರಕ್ಕೆ 720 ಲೀಟರ್ ಆಯಿತು. ಹೊಸದಾಗಿ ನೆಟ್ಟ, ಹೆಬ್ಬೆರಳಿನಷ್ಟು ದಪ್ಪ ಕಾಂಡದ ಮರಕ್ಕೆ ಮಳೆಯಿಲ್ಲದ ವಾರದಲ್ಲಿ 40 ಲೀಟರ್ ಎಂದು ಹಿಡಿಯಿರಿ. ಇಪ್ಪತ್ತೈದು ಮರಕ್ಕೆ ಸಾವಿರ ಲೀಟರ್. 10 ಲೀಟರಿನ ಎರಡು ಬಕೆಟ್ ಹಿಡಿದು ಒಬ್ಬರೇ ಹಾಕಿದರೆ ಐವತ್ತು ಸಲ ಓಡಾಡಬೇಕು. ಎಷ್ಟು ಸಸಿ ನೆಡಬೇಕೆಂಬ ನಿರ್ಧಾರ ಈ ಲೆಕ್ಕದ ಮೇಲೆ ಆಗಬೇಕು.

ಓಡಾಟ ಕಡಿಮೆ ಮಾಡಲು 20 ಲೀಟರಿನ ಹಳೆಯ ಬಕೆಟ್ಟಿನ ತಳದ ಅಂಚಿನಲ್ಲಿ 3 ಮಿ.ಮೀ.ನ ಎರಡು ತೂತು ಕೊರೆದು, ಸಸಿಯ ಬೇರಿನ ಮುದ್ದೆಯ (ಬೇರು ಮತ್ತು ಅದು ಹಿಡಿದಿರುವ ಮಣ್ಣಿನ ಉಂಡೆ) ಮೇಲೆ, ಕಾಂಡಕ್ಕೆ ತಾಗದಂತೆ ಇಡಿ. ಒಂದು ಸಲ ತುಂಬಿಸಿ ಮುಂದಿನ ಮರಕ್ಕೆ ಹೋಗಬಹುದು. ನೀರು ಹರಿದು ಚರಂಡಿ ಸೇರದೆ ನಿಧಾನವಾಗಿ ಇಂಗುತ್ತದೆ. ದಿನಾ ಒಂದೊಂದು ಚೊಂಬು ಹಾಕುವ ಅಭ್ಯಾಸ ಮರಕ್ಕೆ ಒಳ್ಳೆಯದಲ್ಲ. ಮೇಲಿನ ಐದು ಸೆಂ.ಮೀ. ಮಾತ್ರ ನೆನೆದು ಬೇರು ಅಲ್ಲೇ ಹರಡಿ, ಒಂದು ವಾರ ತಪ್ಪಿದರೆ ಒಣಗುತ್ತದೆ.

ಛಾವಣಿಯ ಮಳೆನೀರನ್ನು ಹಿಡಿಯಬಹುದು. ಒಂದು ಚದರ ಮೀಟರ್ ಛಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಡ್ರಮ್ಮಿಗೆ ಮುಚ್ಚಳ ಮತ್ತು ಸೊಳ್ಳೆ ಪರದೆ ಕಟ್ಟಿ. ತೆರೆದ ನೀರಿನಲ್ಲಿ ವಾರ ಹತ್ತು ದಿನದಲ್ಲೇ ಸೊಳ್ಳೆ ಮರಿ ರೆಕ್ಕೆ ಬಲಿತು ಹಾರುತ್ತದೆ. 200 ಲೀಟರ್ ತುಂಬಿದ ಡ್ರಮ್ 200 ಕೆ.ಜಿ. ಮೀರುತ್ತದೆ, ಅಲುಗಾಡುವ ಇಟ್ಟಿಗೆಯ ಮೇಲೆ ನಿಲ್ಲಿಸಿದರೆ ಮಕ್ಕಳ ಮೇಲೆ ಉರುಳೀತು.

ಯಾವ ಮರ, ಎಲ್ಲಿ

ಮರ ಪೂರ್ತಿ ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ ಎಂದು ಮೊದಲು ನೋಡಿ, ಚೆಂದ ಆಮೇಲೆ. ವಿದ್ಯುತ್ ತಂತಿಯ ಕೆಳಗೆ 7 ಮೀಟರ್ ಮೀರದ ಜಾತಿ ಮಾತ್ರ. ದೊಡ್ಡ ಮರ ನೆಟ್ಟರೆ ಇಪ್ಪತ್ತು ವರ್ಷದ ನಂತರ ತಂತಿಯವರು ಅದರ ನಡುನೆತ್ತಿ ಸೀಳುತ್ತಾರೆ. ಗೋಡೆಯಿಂದ ಸಣ್ಣ ಮರ 2–3 ಮೀಟರ್, ದೊಡ್ಡ ಮರ 6 ಮೀಟರ್ ದೂರ. ತಿರುವು, ಕೂಡುರಸ್ತೆಯಿಂದ 8–10 ಮೀಟರ್ ಬಿಡಿ. ಅಗೆಯುವ ಮುಂಚೆ ನೀರು, ಅನಿಲ, ವಿದ್ಯುತ್, ಒಳಚರಂಡಿ ಸಾಲುಗಳ ನಕ್ಷೆ ಕೇಳಿ ಪಡೆಯಿರಿ, ಇದರಲ್ಲಿ ರಾಜಿ ಬೇಡ.

ಫುಟ್‌ಪಾತಿನಲ್ಲಿ ಕೊರೆಯುವ ಗುಂಡಿ ಕನಿಷ್ಠ 1.2 × 1.2 ಮೀಟರ್ ಇರಲಿ, ಸಾಧ್ಯವಾದರೆ 1.2 × 2.4. ದೊಡ್ಡ ಮರವೊಂದು ಚೆನ್ನಾಗಿ ಬಾಳಲು ಸುಮಾರು 30 ಘನ ಮೀಟರ್ ಬೇರಾಡುವ ಮಣ್ಣು ಬೇಕು. ಅಷ್ಟು ಜಾಗವಿಲ್ಲದ ಕಡೆ ಸಣ್ಣ ಮರ ನೆಡುವುದೇ ಸರಿ. ಇಕ್ಕಟ್ಟಿನಲ್ಲಿ ಸಿಕ್ಕಿದ ದೊಡ್ಡ ಮರ ಕಲ್ಲುಹಾಸು ಎಬ್ಬಿಸುತ್ತದೆ, ಆಮೇಲೆ ಜನ ಮರವನ್ನೇ ದೂರುತ್ತಾರೆ.

ಒಂದೇ ಜಾತಿಯನ್ನು ಸಾಲಾಗಿ ನೆಡುವ ಆಸೆ ಬಿಡಿ. ಒಟ್ಟು ಮರಗಳಲ್ಲಿ ಒಂದು ಪ್ರಭೇದ ಶೇ. 10, ಒಂದು ಕುಲ (ಹತ್ತಿರದ ಪ್ರಭೇದಗಳ ಗುಂಪು) ಶೇ. 20, ಒಂದು ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ. 30 ಮೀರಬಾರದು ಎಂಬುದು 1990ರಿಂದ ನಗರ ಅರಣ್ಯದವರು ಬಳಸುವ ಮಿತಿ. ಉತ್ತರ ಅಮೆರಿಕದ ಬೀದಿಗಳಲ್ಲಿ ಎಲ್ಮ್ ಮರಗಳು ರೋಗದಿಂದ ಸತ್ತಾಗ ಆ ಜಾಗಕ್ಕೆ ಆ್ಯಶ್ ಮರಗಳನ್ನು ನೆಟ್ಟರು. 2002ರಲ್ಲಿ ಅಲ್ಲಿ ಪತ್ತೆಯಾದ ಹಸಿರು ಕೊರೆಹುಳು ಆ ಆ್ಯಶ್‌ಗಳನ್ನೂ ಬೀದಿಗಟ್ಟಲೆ ಕೊಂದಿತು.

ಸಸಿ ತೀರ ದೊಡ್ಡದು ಬೇಡ. 1.5–2 ಮೀಟರ್ ಎತ್ತರದ ಸಸಿ ಬೇಗ ಬೇರೂರಿ, ಮೂರು ಮೀಟರಿನ ದುಬಾರಿ ಸಸಿಯನ್ನು ಕೆಲವೇ ವರ್ಷದಲ್ಲಿ ಹಿಂದಿಕ್ಕುವುದು ಸಾಮಾನ್ಯ.

ನೆಡುವ ದಿನ

ಮಳೆಗಾಲ ಇರುವ ಕಡೆ ಮಳೆ ಹಿಡಿದ ಮೊದಲ ವಾರಗಳಲ್ಲಿ, ಚಳಿ ಪ್ರದೇಶದಲ್ಲಿ ಎಲೆ ಉದುರಿದ ಮೇಲೆ ಅಥವಾ ಚಿಗುರುವ ಮುನ್ನ ನೆಡಬೇಕು. ಹಿಂದಿನ ದಿನವೇ ನೀರು ಇಂಗುವ ಪರೀಕ್ಷೆ ಮಾಡಿ: 30 ಸೆಂ.ಮೀ. ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಕೆಳಗೆ ಗಟ್ಟಿ ಪದರವಿದೆ. ಅದನ್ನು ಹಾರೆಯಿಂದ ಒಡೆಯಿರಿ, ಆಗದಿದ್ದರೆ ಜಾಗ ಬದಲಿಸಿ.

1. ಗುಂಡಿ ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ, ಆದರೆ ಮುದ್ದೆಯಷ್ಟೇ ಆಳ. ಆಳ ತೋಡಿ ಸಡಿಲ ಮಣ್ಣು ತುಂಬಿದರೆ ಸಸಿ ಕುಸಿದು ಬುಡ ಹೂತುಹೋಗುತ್ತದೆ. ಗುಂಡಿಯ ಗೋಡೆ ಗುದ್ದಲಿಯಿಂದ ನುಣುಪಾಗಿದ್ದರೆ ಕೆರೆದು ಒರಟು ಮಾಡಿ.

2. ಚೀಲ ಅಥವಾ ಕುಂಡವನ್ನು ಪೂರ್ತಿ ತೆಗೆಯಿರಿ. "ತಾನೇ ಕೊಳೆಯುತ್ತದೆ" ಎಂಬ ಮಾತು ನಂಬಬೇಡಿ. ಮೇಲಿನ ಮಣ್ಣನ್ನು ಬೆರಳಿನಿಂದ ಸರಿಸುತ್ತಾ ಹೋಗಿ. ಕಾಂಡ ಕೆಳಗೆ ಅಗಲವಾಗಿ ಮೊದಲ ದಪ್ಪ ಬೇರು ಹೊರಡುವ ಜಾಗ ಸಿಗುತ್ತದೆ. ನರ್ಸರಿಯಲ್ಲಿ ಅದು ಎಷ್ಟೋ ಸಲ 5 ಸೆಂ.ಮೀ. ಮಣ್ಣಿನಡಿ ಮುಚ್ಚಿರುತ್ತದೆ. ಆ ಜಾಗ ನೆಲದ ಮಟ್ಟಕ್ಕೆ ಅಥವಾ ಎರಡು ಬೆರಳು ಮೇಲಕ್ಕೆ ಬರಬೇಕು.

3. ಕುಂಡದ ಆಕಾರಕ್ಕೆ ಸುತ್ತಿಕೊಂಡ ಬೇರುಗಳನ್ನು ಹರಿತ ಚಾಕುವಿನಿಂದ, ಮುದ್ದೆಯ ಸುತ್ತ ಎರಡು ಸೆಂ.ಮೀ. ದಪ್ಪ ಹೆರೆದುಬಿಡಿ. ಕೈ ಹಿಂಜರಿಯುವುದು ಸಹಜ. ಬಿಟ್ಟರೆ ಆ ಬೇರು ಸುತ್ತುತ್ತಲೇ ದಪ್ಪವಾಗಿ, ಹತ್ತು ಹದಿನೈದು ವರ್ಷಕ್ಕೆ ಕಾಂಡವನ್ನೇ ಬಿಗಿದು ಮರ ಉರುಳಿಸುತ್ತದೆ.

4. ತೆಗೆದ ಮಣ್ಣನ್ನೇ ವಾಪಸು ತುಂಬಿ. ಗುಂಡಿಗೆ ಗೊಬ್ಬರ ಸುರಿಯಬೇಡಿ. ಒಳಗೆ ಮೆತ್ತನೆ ಮಣ್ಣು, ಹೊರಗೆ ಗಟ್ಟಿ ಮಣ್ಣು ಆದರೆ ಬೇರು ಹೊರಗೆ ಹೋಗದೆ ಗುಂಡಿಯಲ್ಲೇ ಸುತ್ತುತ್ತದೆ, ಮಳೆಗೆ ನೀರೂ ಅಲ್ಲೇ ನಿಲ್ಲುತ್ತದೆ. ಕಾಂಪೋಸ್ಟ್ ಹಾಕಬೇಕೆನಿಸಿದರೆ ಮೇಲೆ ತೆಳುವಾಗಿ ಹರಡಿ.

5. ಅಂಚಿಗೆ 8–10 ಸೆಂ.ಮೀ. ಎತ್ತರದ ಕಟ್ಟೆ ಮಾಡಿ 40 ಲೀಟರ್ ನೀರು ನಿಧಾನವಾಗಿ ಹಾಕಿ. ಒಣ ಎಲೆ ಅಥವಾ ಮರದ ಚೂರನ್ನು ಒಂದು ಮೀಟರ್ ವ್ಯಾಸದಲ್ಲಿ 5–10 ಸೆಂ.ಮೀ. ದಪ್ಪ ಹರಡಿ, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಕಾಂಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ.

6. ಸಸಿ ತಾನಾಗಿ ನಿಲ್ಲುವುದಾದರೆ ಆಸರೆ ಕೋಲು ಬೇಡ. ಬೇಕಾದರೆ ಮುದ್ದೆಯ ಹೊರಗೆ ಎರಡು ಕೋಲು ನೆಟ್ಟು, ಸಸಿಯ ಎತ್ತರದ ಮೂರನೇ ಒಂದರಲ್ಲಿ, ಅಗಲವಾದ ಬಟ್ಟೆ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಗಾಳಿಗೆ ಸ್ವಲ್ಪ ತೂಗಿದರೇ ಕಾಂಡ ಬಲಿಯುವುದು. ತಂತಿ ಕಟ್ಟಲೇಬೇಡಿ. ಕಟ್ಟು ಬಿಚ್ಚುವ ತಿಂಗಳನ್ನು ಕೋಲಿನ ಮೇಲೇ ಬರೆದಿಡಿ, ಒಂದು ವರ್ಷಕ್ಕಿಂತ ಹೆಚ್ಚು ಬೇಡ.

ತೋಟ ನಡೆಸುವವರ ನಡುವೆ

ತೋಟ ಮುಚ್ಚಿಹೋಗುವುದು ಹುಳುವಿನಿಂದಲ್ಲ, ಕೀಲಿಕೈ, ನೀರಿನ ಬಿಲ್ಲು ಮತ್ತು ಪಾಳು ಬಿದ್ದ ಮಡಿಯ ಜಗಳದಿಂದ. ಬಿತ್ತುವ ಮುನ್ನವೇ ಒಂದು ಪುಟದ ನಿಯಮ ಬರೆದು, ಎಲ್ಲರಿಗೂ ಬರುವ ಭಾಷೆಯಲ್ಲಿ ಬಾಗಿಲಿಗೆ ಅಂಟಿಸಿ. ಮೂರು ವಾರ ಮಡಿ ನೋಡದಿದ್ದರೆ ಮೊದಲು ಮನೆಗೆ ಹೋಗಿ ವಿಚಾರಿಸಿ: ಕಾಯಿಲೆಯೋ, ಹೆರಿಗೆಯೋ, ಕೆಲಸದ ಪಾಳಿ ಬದಲಾಯಿತೋ. ನೆರೆಯ ಮಡಿಯವರು ಅಷ್ಟು ದಿನ ನೀರು ಹಾಕಲಿ. ಆರು ವಾರ ಕಳೆದರೂ ಬರಲಾಗದಿದ್ದರೆ ಕಾಯುತ್ತಿರುವ ಮುಂದಿನವರಿಗೆ ಕೊಡಿ. ಹಣದ ಪುಸ್ತಕವನ್ನು ಇಬ್ಬರು ನೋಡಲಿ, ತಿಂಗಳಿಗೊಮ್ಮೆ ಲೆಕ್ಕ ಓದಿ ಹೇಳಲಿ.

ಫಲ ಕಳುವಾಗುತ್ತದೆ. ಬೇಲಿ ಎತ್ತರಿಸುವ ಬದಲು ಬಾಗಿಲ ಹತ್ತಿರ ಒಂದು ಮಡಿಯನ್ನು "ಯಾರು ಬೇಕಾದರೂ ಕಿತ್ತುಕೊಳ್ಳಿ" ಎಂದು ಬಿಡಿ. ಒಳಗಿನ ಮಡಿಗಳ ಕಳವು ಕಡಿಮೆಯಾಗುತ್ತದೆ. ಮಡಿ ಇಲ್ಲದವರಿಗೂ ತೋಟದಿಂದ ಏನಾದರೂ ಸಿಗುತ್ತದೆ.

ಮೂರು ಬೇಸಿಗೆ

ಮೊದಲ ಬೇಸಿಗೆ ವಾರಕ್ಕೆ ಒಂದೆರಡು ಸಲ, ಎರಡನೆಯದಕ್ಕೆ ವಾರಕ್ಕೊಮ್ಮೆ, ಮೂರನೆಯದಕ್ಕೆ ಎರಡು ಮೂರು ವಾರಕ್ಕೊಮ್ಮೆ ಆಳವಾಗಿ ನೀರು. ಗಡಿಯಾರ ನೋಡಿ ಹಾಕುವುದಕ್ಕಿಂತ ಮಣ್ಣು ನೋಡಿ ಹಾಕಿ: ಉದ್ದನೆಯ ಸ್ಕ್ರೂಡ್ರೈವರ್ ಬುಡದ ಹತ್ತಿರ ಚುಚ್ಚಿ, 15 ಸೆಂ.ಮೀ. ಸಲೀಸಾಗಿ ಇಳಿದರೆ ತೇವ ಇದೆ, ತಡೆದರೆ ನೀರು ಬೇಕು. ನೀರು ಕಡಿಮೆಯಾದರೂ ಹೆಚ್ಚಾದರೂ ಎಲೆ ಜೋಲುತ್ತದೆ. ಕಡಿಮೆಯಾಗಿದ್ದರೆ ಅಂಚು ಕಂದಾಗಿ ಗರಿಗರಿ, ಹೆಚ್ಚಾಗಿದ್ದರೆ ಹಳದಿಯಾಗಿ ಮೆತ್ತಗೆ, ಅಗೆದರೆ ಮಣ್ಣು ಹುಳಿ ವಾಸನೆ.

ನೀರಿನ ಸರದಿಯಲ್ಲಿ ಪ್ರತಿ ಮರಕ್ಕೆ ಇಬ್ಬರ ಹೆಸರು ಇರಲಿ. ಹುಲ್ಲು ಕತ್ತರಿಸುವ ಯಂತ್ರದ ದಾರ ಒಂದೇ ಸಲ ತೊಗಟೆಯ ಸುತ್ತ ಸುಲಿದರೂ ಸಸಿ ಸತ್ತಂತೆ, ಆ ಕೆಲಸದವರಿಗೆ ಮೊದಲೇ ಹೇಳಿ, ಬುಡಕ್ಕೆ ರಕ್ಷಣೆಯ ಕೊಳವೆ ಹಾಕಿ. ಮೊದಲ ವರ್ಷ ಮುರಿದ, ಒಣಗಿದ ಕೊಂಬೆ ಬಿಟ್ಟು ಬೇರೇನನ್ನೂ ಸವರಬೇಡಿ. ಎಲೆ ಇದ್ದರೇ ಬೇರಿಗೆ ಊಟ. ಮೂರನೆಯ ವರ್ಷ ಒಂದೇ ನಡುಕಾಂಡ ಉಳಿಯುವಂತೆ, ಪೈಪೋಟಿಗೆ ನಿಂತ ಎರಡನೆಯ ನೆತ್ತಿಯನ್ನು ಚಿಕ್ಕದು ಮಾಡಿ. ಒಂದು ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬೇಡಿ.

ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ಸಸಿ ಸಾಯುತ್ತವೆ. ಸತ್ತದ್ದನ್ನು ಕಿತ್ತು ಅದೇ ದಿನ ಇನ್ನೊಂದು ನೆಡಬೇಡಿ. ಬೇರನ್ನು ತೊಳೆದು ನೋಡಿ. ಕುಂಡದ ಆಕಾರದಲ್ಲೇ ಇದ್ದು ಹೊರಗೆ ಒಂದು ಎಳೆಯೂ ಹೋಗದಿದ್ದರೆ ನೀರು ಸಾಲದು ಅಥವಾ ಬೇರು ಸುತ್ತಿಕೊಂಡಿತ್ತು. ಕಪ್ಪಾಗಿ ಮೆತ್ತಗಿದ್ದರೆ ನೀರು ನಿಂತಿತ್ತು, ಅಲ್ಲಿ ಮೊದಲು ಗುಂಡಿಯ ತಳ ಸರಿ ಮಾಡಬೇಕು. ತೊಗಟೆ ಸುತ್ತ ಹೋಗಿದ್ದರೆ ಯಂತ್ರ ಅಥವಾ ಪ್ರಾಣಿ. ಕಾರಣವನ್ನು ನಕ್ಷೆಯಲ್ಲಿ ಆ ಮರದ ಸಂಖ್ಯೆಯ ಪಕ್ಕ ಬರೆದು, ಆ ಮನೆಯವರಿಗೂ ಹೇಳಿ, ಅವರು ಒಪ್ಪಿದರೆ ಮುಂದಿನ ಹಂಗಾಮಿಗೆ ಅದೇ ಜಾಗದಲ್ಲಿ ನೆಡಿ.